ಅಗ್ಗದ ಮಳಿಗೆಯೂ ಬಡವನ ಚೀಲವೂ

ಮಹಾನಗರಗಳಿಗೆ ಸೀಮಿತವಾಗಿದ್ದ ರಿಯಾಯಿತಿ ದರದ ಸ್ವಯಂಸೇವಾ ಮಳಿಗೆಗಳು ಇಂದು ನಮ್ಮ ಜಿಲ್ಲಾ ಕೇಂದ್ರಗಳಿಗೂ ವ್ಯಾಪಾರಿ ಪಟ್ಟಣಗಳಿಗೂ ಬಂದಿವೆ. ತಿಂಗಳ ಮೊದಲ ವಾರದಲ್ಲಿ ಹೊಸಪೇಟೆಯ ಇಂತಹ ಮಳಿಗೆಗಳತ್ತ ಸಂಬಳದಾರರ ಕುಟುಂಬಗಳು ಸಾಗುವುದು ರೂಢಿಯಾಗಿದೆ. ಸಂಡೂರು, ಕಂಪ್ಲಿ, ಹಂಪಿ, ಕಮಲಾಪುರಗಳ ಜನರೂ ಬೇರೆ ಕೆಲಸಕ್ಕೆಂದು ಹೊಸಪೇಟೆಗೆ ಬಂದಾಗ ಅಲ್ಲಿಯೇ ದಿನಸಿ ಕೊಂಡು ಹಿಂದಿರುಗುತ್ತಾರೆ. ದಿನಸಿ ಎಲ್ಲಿ ಅಗ್ಗ ಎಂಬುದು ಮೇಲ್ನೋಟಕ್ಕೆ ಗೃಹಿಣಿಯರ ಮಾತುಕತೆಯ ವಿಷಯ. ಆದರೆ ವಾಸ್ತವದಲ್ಲಿ ಅದು ನಮ್ಮ ಪ್ರದೇಶದ ಆರ್ಥಿಕ ಜೀವನವನ್ನೇ ಮುಟ್ಟುವ ಪ್ರಶ್ನೆ. ಅಗ್ಗ ಎಂದರೇನು, ಮತ್ತು ಆ ಅಗ್ಗ ಯಾರಿಗೆ ಲಭ್ಯ ಎಂಬ ಎರಡು ಪ್ರಶ್ನೆಗಳನ್ನು ಈ ವಾರ ನಾವು ಪರಿಶೀಲಿಸಬಯಸುತ್ತೇವೆ.

ಈ ಪ್ರಶ್ನೆಗೆ ಇಷ್ಟು ಮಹತ್ವವೇಕೆ ಎಂದು ಕೆಲವರು ಕೇಳಬಹುದು. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳ ಒಟ್ಟು ವೆಚ್ಚದಲ್ಲಿ ಸುಮಾರು 47 ಶೇಕಡಾ ಪಾಲು ಆಹಾರಕ್ಕೇ ಸಲ್ಲುತ್ತದೆ. ನಗರವಾಸಿಗಳಲ್ಲಿ ಈ ಪಾಲು ಸುಮಾರು 40 ಶೇಕಡಾ. ಆದಾಯ ಕಡಿಮೆಯಾದಷ್ಟೂ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. ಆದಕಾರಣ ಅಕ್ಕಿ, ಬೇಳೆ, ಎಣ್ಣೆಗಳಲ್ಲಿ ಉಳಿಯುವ ಪ್ರತಿ ರೂಪಾಯಿಯೂ ಬಡ ಕುಟುಂಬದಲ್ಲಿ ಮಗುವಿನ ಪುಸ್ತಕವಾಗಬಲ್ಲದು, ವೃದ್ಧರ ಔಷಧಿಯಾಗಬಲ್ಲದು.

ಅಗ್ಗದ ಊರಿನ ಹಳೆಯ ಪರಂಪರೆ

ನಮ್ಮ ಪ್ರದೇಶಕ್ಕೆ ಅಗ್ಗದ ಮಾರುಕಟ್ಟೆ ಹೊಸದೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಮಾರುಕಟ್ಟೆಗಳಲ್ಲಿ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಮುಂತಾದ ಧಾನ್ಯಗಳು ಹೇರಳವಾಗಿಯೂ ಅಗ್ಗವಾಗಿಯೂ ದೊರೆಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಇಂದು ಹಂಪಿಗೆ ಭೇಟಿ ನೀಡುವವರು ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯಲ್ಲಿಯೂ ಕೃಷ್ಣ ದೇವಾಲಯದ ಬಜಾರಿನಲ್ಲಿಯೂ ವಿಠ್ಠಲ ದೇವಾಲಯದ ಮುಂದೆಯೂ ಸಾಲುಗಂಬಗಳ ಮಂಟಪಗಳನ್ನು ಕಾಣುತ್ತಾರೆ. ಅವು ಆ ವ್ಯಾಪಾರದ ಮೂಕ ಸಾಕ್ಷಿಗಳು.

ಆ ಅಗ್ಗಕ್ಕೆ ಸ್ಪಷ್ಟ ಕಾರಣಗಳಿದ್ದವು. ತುಂಗಭದ್ರೆಯ ನೀರು, ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳು, ಸಮೀಪದಲ್ಲೇ ಬೆಳೆಯುವ ಭತ್ತ ಇವೇ ಆ ಕಾರಣಗಳು. ಅದೇ ಕಾಲುವೆಗಳಲ್ಲಿ ಹಲವು ಇಂದಿಗೂ ಹೊಸಪೇಟೆ, ಕಮಲಾಪುರ, ಕಂಪ್ಲಿ ಭಾಗಗಳ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಬೆಲೆಯನ್ನು ಏರಿಸುವ ಶಕ್ತಿಗಳೂ ಆಗ ಇಲ್ಲದಿರಲಿಲ್ಲ. ಪಾಯಸನ ನಂತರ ಬಂದ ನ್ಯೂನಿಜ್, ನಗರದ ಹೆಬ್ಬಾಗಿಲಲ್ಲಿ ಸುಂಕದ ಗುತ್ತಿಗೆದಾರರು ತಲೆಹೊರೆಯವರನ್ನೂ ಬಿಡದೆ ಸುಂಕ ವಸೂಲು ಮಾಡುತ್ತಿದ್ದರೆಂದು ದಾಖಲಿಸಿದ್ದಾನೆ. ನೀರು ಮತ್ತು ಸಾಮೀಪ್ಯ ಬೆಲೆಯನ್ನು ಇಳಿಸಿದವು. ಸುಂಕ ಮತ್ತು ಮಧ್ಯವರ್ತಿ ಏರಿಸಿದರು. ಐದು ಶತಮಾನ ಕಳೆದರೂ ಈ ಲೆಕ್ಕ ಬದಲಾಗಿಲ್ಲ.

2024ರ ಆಗಸ್ಟ್ 10ರಂದು ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕಿತ್ತುಹೋದಾಗ ಕಂಪ್ಲಿಯ ರೈತನಷ್ಟೇ ಅನ್ನ ಉಣ್ಣುವ ಪ್ರತಿಯೊಬ್ಬರೂ ಕಳವಳಗೊಂಡರು. ಮಳಿಗೆಯ ಫಲಕದ ಮೇಲಿನ ದರಕ್ಕೂ ಆ ಗೇಟಿಗೂ ಇರುವ ನಂಟನ್ನು ನಾವು ಮರೆಯಲಾಗದು.

ರಿಯಾಯಿತಿ ಮಳಿಗೆ ಅಗ್ಗವಾಗುವ ಬಗೆ

ಆಧುನಿಕ ರಿಯಾಯಿತಿ ಮಳಿಗೆಯ ಮೂಲ ಮಾದರಿ ಯುದ್ಧಾನಂತರದ ಜರ್ಮನಿಯಲ್ಲಿದೆ. ಎಸ್ಸೆನ್ ನಗರದಲ್ಲಿ ತಾಯಿಯ ಚಿಕ್ಕ ಅಂಗಡಿಯನ್ನು 1946ರಲ್ಲಿ ವಹಿಸಿಕೊಂಡ ಆಲ್ಬ್ರೆಕ್ಟ್ ಸಹೋದರರು ಕೆಲವೇ ಬಗೆಯ ಸರಕುಗಳನ್ನಿಟ್ಟು, ಅಲಂಕಾರವನ್ನೂ ಜಾಹೀರಾತನ್ನೂ ತ್ಯಜಿಸಿ, ಉಳಿತಾಯವನ್ನು ಬೆಲೆಯಲ್ಲಿ ಇಳಿಸಿದರು. ಮುಂದೆ ಅದೇ ‘ಆಲ್ಡಿ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಭಾರತದಲ್ಲಿ ಈ ಮಾರ್ಗವನ್ನು ಯಶಸ್ವಿಯಾಗಿ ಹಿಡಿದವರಲ್ಲಿ ರಾಧಾಕಿಶನ್ ದಮಾನಿಯವರು ಪ್ರಮುಖರು. ಅವರ ‘ಡಿಮಾರ್ಟ್’ನ ಮೊದಲ ಮಳಿಗೆ 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಆರಂಭವಾಯಿತು, 2017ರಲ್ಲಿ ಅದರ ಮಾತೃಸಂಸ್ಥೆ ಷೇರುಪೇಟೆಯನ್ನು ಪ್ರವೇಶಿಸಿತು. ಇದಕ್ಕೆ ಪ್ರತಿಯಾಗಿ, 2001ರಲ್ಲಿ ಆರಂಭವಾಗಿ ಭಾರಿ ಆಡಂಬರದಿಂದ ಬೆಳೆದ ‘ಬಿಗ್ ಬಜಾರ್’ ಸಾಲದ ಹೊರೆಯಿಂದ ಕುಸಿದು, 2022ರಲ್ಲಿ ಅದರ ಒಡೆತನದ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು.

ಈ ಮಳಿಗೆಗಳು ಕಡಿಮೆ ದರಕ್ಕೆ ಮಾರುವುದು ದಾನಬುದ್ಧಿಯಿಂದಲ್ಲ. ಅವು ಉತ್ಪಾದಕರಿಂದ ಸಗಟಾಗಿ ಕೊಳ್ಳುತ್ತವೆ. ಬೇಗನೆ ಹಣ ಪಾವತಿಸಿ ಅದಕ್ಕಾಗಿ ದರದಲ್ಲಿ ವಿನಾಯಿತಿ ಪಡೆಯುತ್ತವೆ. ಸಾಧ್ಯವಾದಷ್ಟು ಸ್ವಂತ ಕಟ್ಟಡದಲ್ಲಿದ್ದು ಬಾಡಿಗೆ ಉಳಿಸುತ್ತವೆ. ಗಿರಾಕಿಯೇ ಸರಕನ್ನು ಎತ್ತಿಕೊಳ್ಳುವುದರಿಂದ ಆಳುಗಳ ವೆಚ್ಚ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅವು ಉದ್ರಿ ಕೊಡುವುದಿಲ್ಲ. ಅಕ್ಕಿ ಬೇಳೆಗಳಲ್ಲಿ ಬಿಟ್ಟ ಲಾಭವನ್ನು ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನುಗಳಲ್ಲಿ ಹಿಂಪಡೆಯುವುದೂ ಈ ವ್ಯಾಪಾರದ ಸಾಮಾನ್ಯ ತಂತ್ರವೇ. ಆದ್ದರಿಂದ ಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಷ್ಟನ್ನೇ ತರುವವನು ಈ ಮಳಿಗೆಯಿಂದ ಲಾಭ ಪಡೆಯುತ್ತಾನೆ. ಕಂಡುದನ್ನೆಲ್ಲ ಬಂಡಿಗೆ ತುಂಬುವವನಿಂದ ಮಳಿಗೆ ಲಾಭ ಪಡೆಯುತ್ತದೆ. ಹಬ್ಬದ ಹೊತ್ತಿನಲ್ಲಂತೂ, ಅದು ದೀಪಾವಳಿಯಿರಲಿ ಕ್ರಿಸ್‌ಮಸ್ಸಿರಲಿ, ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕ ಮನೆಗೆ ಬೇಡದ ವಸ್ತುವನ್ನು ಎರಡಾಗಿ ತರಿಸುತ್ತದೆ.

ತೂಕದ ಮೇಲೆ ಬೆಲೆ ಓದುವ ವಿದ್ಯೆ

ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ ಒಂದು ಮಿತಿಯೇ ಹೊರತು ನ್ಯಾಯವಾದ ಬೆಲೆಯಲ್ಲ. ಆ ಮಿತಿಯನ್ನು ನಿಗದಿಪಡಿಸುವವನು ಉತ್ಪಾದಕನೇ. 200 ರೂಪಾಯಿ ಮುದ್ರಿಸಿ 150ಕ್ಕೆ ಮಾರಿದ ಸರಕಿಗಿಂತ 160 ಮುದ್ರಿಸಿ 140ಕ್ಕೆ ಮಾರಿದ ಅದೇ ಗುಣಮಟ್ಟದ, ಅದೇ ತೂಕದ ಸರಕು ಅಗ್ಗ. ಆದರೆ ಫಲಕದಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದರ ‘50 ರೂಪಾಯಿ ಉಳಿತಾಯ’. ಎಷ್ಟು ಉಳಿಯಿತು ಎಂಬುದಕ್ಕಿಂತ ಎಷ್ಟು ಕೊಟ್ಟೆವು, ಎಷ್ಟು ತೂಕ ತಂದೆವು ಎಂಬುದೇ ಮುಖ್ಯ.

ಈ ಗೊಂದಲವನ್ನು ನೀಗಿಸಲೆಂದೇ ಕಾನೂನು ಒಂದು ಉಪಾಯವನ್ನು ಒದಗಿಸಿದೆ. 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯು, ಪೊಟ್ಟಣದ ಮೇಲೆ ಒಂದು ಗ್ರಾಂಗೆ, ಒಂದು ಕಿಲೋಗೆ ಅಥವಾ ಒಂದು ಮಿಲಿಲೀಟರ್‌ಗೆ ತಗಲುವ ಬೆಲೆಯನ್ನೂ ಮುದ್ರಿಸಬೇಕೆಂದು ವಿಧಿಸಿದೆ. ಚಿಕ್ಕ ಅಕ್ಷರದ ಈ ಸಾಲನ್ನು ಓದುವವರು ವಿರಳ. ಆದರೆ ಅದನ್ನು ಓದುವ ಅಭ್ಯಾಸ ಬೆಳೆದರೆ ಅರ್ಧ ವಂಚನೆ ತಾನಾಗಿ ತಪ್ಪುತ್ತದೆ. ಉದಾಹರಣೆಗೆ, 900 ಗ್ರಾಂ ಬೇಳೆಯ ಪೊಟ್ಟಣ 144 ರೂಪಾಯಿ, 1 ಕಿಲೋ ಪೊಟ್ಟಣ 155 ರೂಪಾಯಿ ಎಂದಿದ್ದರೆ ಮೊದಲನೆಯದು ಅಗ್ಗವೆಂದು ಕೈ ಅತ್ತ ಚಾಚುತ್ತದೆ. ಲೆಕ್ಕ ಹಾಕಿದರೆ ಅದು ಕಿಲೋಗೆ 160 ರೂಪಾಯಿ ಬೀಳುತ್ತದೆ. ಅಡುಗೆ ಎಣ್ಣೆಯಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. 1 ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ನೋಡಲು ಲೀಟರಿನಂತೆಯೇ ಕಾಣುವ 850 ಗ್ರಾಂ ಚೀಲ 140 ರೂಪಾಯಿಗೂ, ಪೂರ್ಣ ಲೀಟರ್ 146 ರೂಪಾಯಿಗೂ ದೊರೆತರೆ ನಿಜವಾಗಿ ಅಗ್ಗವಾದುದು ಎರಡನೆಯದೇ.

ದೊಡ್ಡ ಪೊಟ್ಟಣವೇ ಸದಾ ಲಾಭಕರ ಎಂಬುದೂ ಕುರುಡು ನಂಬಿಕೆ. ಕೂಲಿಕಾರರ ಕೈಗೆಟುಕಲೆಂದು ದಕ್ಷಿಣ ಭಾರತದಲ್ಲೇ ಬಳಕೆಗೆ ಬಂದ ಚಿಕ್ಕ ಶಾಂಪೂ ಪೊಟ್ಟಣಗಳು ಅನೇಕ ವೇಳೆ ಅದೇ ಶಾಂಪೂವಿನ ದೊಡ್ಡ ಶೀಷೆಗಿಂತ ಅಳತೆಗೆ ಅಗ್ಗವಾಗಿರುವುದುಂಟು. ಇನ್ನು ಬಿಸ್ಕತ್ತಿನಂತಹ ಪದಾರ್ಥಗಳಲ್ಲಿ 5 ರೂಪಾಯಿ, 10 ರೂಪಾಯಿಗಳ ಬೆಲೆ ಸ್ಥಿರವಾಗಿದ್ದು ಒಳಗಿನ ತೂಕ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದುದನ್ನು ಎಲ್ಲರೂ ಬಲ್ಲರು.

ತೆರಿಗೆಯ ಅರಿವೂ ಅಗತ್ಯ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳಿಗೆ 5 ಶೇಕಡಾ ಸರಕು ಮತ್ತು ಸೇವಾ ತೆರಿಗೆ ಅನ್ವಯಿಸಿತು. ಬಿಡಿಯಾಗಿ ತೂಗಿ ಕೊಡುವ ಧಾನ್ಯಕ್ಕೆ ತೆರಿಗೆಯಿಲ್ಲ. 25 ಕಿಲೋ ಮೀರಿದ ಚೀಲಕ್ಕೂ ಇಲ್ಲ. ಅಕ್ಕಿಯ ಮಾರುಕಟ್ಟೆಯಲ್ಲಿ 26 ಕಿಲೋ ಎಂಬ ವಿಚಿತ್ರ ತೂಕದ ಚೀಲಗಳು ಕಾಣಿಸಿಕೊಂಡುದರ ರಹಸ್ಯ ಇದುವೇ. ಕಿಲೋಗೆ 60 ರೂಪಾಯಿಯ ಅಕ್ಕಿಯ 25 ಕಿಲೋ ಚೀಲದ ಮೇಲೆ 75 ರೂಪಾಯಿ ತೆರಿಗೆ. ಒಂದೇ ಒಂದು ಕಿಲೋ ಹೆಚ್ಚಿಸಿದರೆ ತೆರಿಗೆ ಶೂನ್ಯ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ತೆರಿಗೆ ಸುಧಾರಣೆಯಲ್ಲಿ ಸಾಬೂನು, ಹಲ್ಲುಪುಡಿ, ತಲೆಗೆಣ್ಣೆ, ಬಿಸ್ಕತ್ತುಗಳ ಮೇಲಿನ ತೆರಿಗೆ 5 ಶೇಕಡಾಕ್ಕೂ ತುಪ್ಪ, ಬೆಣ್ಣೆಗಳದು 12ರಿಂದ 5 ಶೇಕಡಾಕ್ಕೂ ಇಳಿಯಿತು. ಪೊಟ್ಟಣದ ಅಕ್ಕಿ ಬೇಳೆಗಳ ತೆರಿಗೆ ಮಾತ್ರ 5 ಶೇಕಡಾದಲ್ಲಿಯೇ ಉಳಿಯಿತು.

ಯಾವುದು ಎಲ್ಲಿ?

ಹಾಗಾದರೆ ವಿವೇಕಿಯಾದ ಗೃಹಸ್ಥನು ಎಲ್ಲವನ್ನೂ ರಿಯಾಯಿತಿ ಮಳಿಗೆಯಲ್ಲಿಯೇ ಕೊಳ್ಳಬೇಕೆ? ನಮ್ಮ ಅಭಿಪ್ರಾಯದಲ್ಲಿ ಕೊಳ್ಳಬೇಕಾಗಿಲ್ಲ. ಸಾಬೂನು, ಬಟ್ಟೆಪುಡಿ, ಚಹಾಪುಡಿ, ಪೊಟ್ಟಣದ ಎಣ್ಣೆ, ಸಕ್ಕರೆಗಳಂತಹ ಎಲ್ಲೆಡೆ ಒಂದೇ ಗುಣಮಟ್ಟದ ಪದಾರ್ಥಗಳಲ್ಲಿ ಮಳಿಗೆಯ ಸಗಟು ಖರೀದಿಯ ಬಲವನ್ನು ಕಿರಾಣಿ ಅಂಗಡಿ ಸರಿಗಟ್ಟಲಾರದು. ಆದರೆ ಅಕ್ಕಿಯ ವಿಷಯ ಬೇರೆ. ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳೇ ನಾಡಿಗೆ ಸೋನಾ ಮಸೂರಿ ಒದಗಿಸುವ ಊರುಗಳು. ಗಿರಣಿಯ ಬಾಗಿಲಲ್ಲೇ ದೊರೆಯುವ ಅಕ್ಕಿ ನೂರಾರು ಕಿಲೋಮೀಟರ್ ಸುತ್ತಿ, ಬಣ್ಣದ ಚೀಲ ತೊಟ್ಟು, ನಮ್ಮ ಊರಿಗೇ ಹಿಂದಿರುಗಿ ಬಂದಾಗ ಅದರಲ್ಲಿ ಸಾಗಾಟ, ಚೀಲ, ಜಾಹೀರಾತುಗಳ ವೆಚ್ಚ ಕೂಡಿರುತ್ತದೆ. ಹೊಸ ಅಕ್ಕಿಯೋ ಹಳೆಯ ಅಕ್ಕಿಯೋ ಎಂಬುದನ್ನೂ ಕೇಳಿ ತಿಳಿಯಬೇಕು. ಹಳೆಯ ಅಕ್ಕಿಗೆ ಬೆಲೆ ತುಸು ಹೆಚ್ಚಾದರೂ ಅನ್ನ ಹೆಚ್ಚು ಒದಗುತ್ತದೆಂಬುದು ನಮ್ಮ ಹಿರಿಯರ ಅನುಭವ.

ತರಕಾರಿ ಸೊಪ್ಪುಗಳಿಗೆ ವಾರದ ಸಂತೆಯೇ ಯೋಗ್ಯ. ಹೊಸಪೇಟೆಯ ಬಾಳೆಹಣ್ಣಿಗೆ ಶೀತಲಪೆಟ್ಟಿಗೆಯ ಅವಶ್ಯಕತೆಯಿಲ್ಲ. ಜೋಳವನ್ನು ಸುಗ್ಗಿಯಲ್ಲಿ ಕೊಂಡು ಒಣಗಿಸಿ ಇಡುವ ಪದ್ಧತಿ ಇಂದಿಗೂ ಸಾರ್ಥಕ. ಆದರೆ ಅಗ್ಗವೆಂದು ಮುಗ್ಗಲು ಜೋಳ ಕೊಂಡರೆ ಉಳಿತಾಯ ಹುಳುವಿನ ಪಾಲಾಗುತ್ತದೆ. ಬಿಡಿ ಧಾನ್ಯ ಕೊಳ್ಳುವಾಗ ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವುದು ಗಿರಾಕಿಯ ಹಕ್ಕು. ತೂಕದಲ್ಲಾಗಲಿ ಬೆಲೆಯಲ್ಲಾಗಲಿ ಅನ್ಯಾಯವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಬಹುದು. ರಸೀತಿಯನ್ನು ಮಾತ್ರ ಜೋಪಾನವಾಗಿಡಬೇಕು.

ಹೋಗಿಬರುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಉಳಿತಾಯ ಉಳಿತಾಯವಲ್ಲ. ಸಂಡೂರಿನಿಂದಲೂ ಕಂಪ್ಲಿಯಿಂದಲೂ ಹೊಸಪೇಟೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣ ಉಳಿದಿದೆ. ಅದು ನಮ್ಮ ಭಾಗದ ಮಾರುಕಟ್ಟೆಯ ಭೂಪಟವನ್ನೇ ಸ್ವಲ್ಪಮಟ್ಟಿಗೆ ಬದಲಿಸಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಆದರೂ ಕೂಲಿಯ ದಿನವನ್ನು ಬಿಟ್ಟು ಬರುವವಳಿಗೆ ಪ್ರಯಾಣ ಉಚಿತವಲ್ಲ.

ಬಡವನಿಗೇ ದುಬಾರಿ

ಇಲ್ಲಿಗೆ ನಾವು ಪ್ರಶ್ನೆಯ ತಿರುಳಿಗೆ ಬಂದಂತಾಯಿತು. ಮೇಲೆ ಹೇಳಿದ ಉಪಾಯಗಳೆಲ್ಲವೂ ಕೈಯಲ್ಲಿ ನಗದು ಇರುವವರಿಗೆ ಸಲ್ಲುತ್ತವೆ. ತಿಂಗಳ ಸಂಬಳ ಪಡೆಯುವ ಶಿಕ್ಷಕ ಅಥವಾ ಬ್ಯಾಂಕ್ ನೌಕರನು 26 ಕಿಲೋ ಚೀಲವನ್ನು ಒಮ್ಮೆಗೇ ಕೊಳ್ಳಬಲ್ಲನು. ಚಪ್ಪರದ ಮನೆಯ ಕೂಲಿಕಾರ್ತಿ ಸಂಜೆಯ ಕೂಲಿ ಕೈಸೇರಿದ ಮೇಲೆ 1 ಕಿಲೋ ಅಕ್ಕಿ, ಕಾಲು ಕಿಲೋ ಬೇಳೆ, ಒಂದು ಚಿಕ್ಕ ಪೊಟ್ಟಣ ಎಣ್ಣೆ ಕೊಳ್ಳುತ್ತಾಳೆ. ಉದಾಹರಣೆಗೆ ಹೀಗೊಂದು ಲೆಕ್ಕ ಮಾಡಿ ನೋಡೋಣ. ಚೀಲದಲ್ಲಿ ಕಿಲೋಗೆ 58 ರೂಪಾಯಿಯ ಅಕ್ಕಿ ಬಿಡಿಯಾಗಿ 64 ರೂಪಾಯಿಯಾದರೆ, 26 ಕಿಲೋಗೆ ಆಕೆ 156 ರೂಪಾಯಿ ಹೆಚ್ಚು ತೆರುತ್ತಾಳೆ. 3 ಕಿಲೋ ಬೇಳೆಯಲ್ಲಿ ಕಿಲೋಗೆ 15 ರೂಪಾಯಿಯಂತೆ 45 ರೂಪಾಯಿ. ಎರಡೂ ಸೇರಿ ತಿಂಗಳಿಗೆ 201, ವರ್ಷಕ್ಕೆ 2,412 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಅಂದರೆ ಬಡತನದಲ್ಲಿರುವ ಕಾರಣಕ್ಕಾಗಿಯೇ ಆಕೆ ವರ್ಷಕ್ಕೆ ಆರು ದಿನಗಳಿಗೂ ಹೆಚ್ಚಿನ ಕೂಲಿಯನ್ನು ದಂಡವಾಗಿ ಕಟ್ಟುತ್ತಾಳೆ. ಹೊಸಪೇಟೆಗೆ ಹೋಗಿ ಅಗ್ಗದಲ್ಲಿ ತರೋಣವೆಂದರೆ ಒಂದು ದಿನದ ಕೂಲಿಯೇ ಆ ತಿಂಗಳ ಉಳಿತಾಯವನ್ನು ನುಂಗಿಹಾಕುತ್ತದೆ.

ಹಾಗೆಂದು ಹೆಚ್ಚು ಬೆಲೆ ಪಡೆಯುವ ಕಿರಾಣಿ ಅಂಗಡಿಯವನನ್ನು ಶೋಷಕನೆಂದು ದೂಷಿಸುವುದೂ ನ್ಯಾಯವಲ್ಲ. ಅವನ ಬೆಲೆಯಲ್ಲಿ ಉದ್ರಿಯ ಬಡ್ಡಿ ಅಡಗಿದೆ. ವಸೂಲಾಗದ ಸಾಲದ ನಷ್ಟವೂ ಅಡಗಿದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಾಗ ಸಂಡೂರಿನ ಲಾರಿ ಚಾಲಕರ, ಗಣಿಕೂಲಿಗಳ ಆದಾಯ ನಿಂತಿತು. ಅದೇ ತಿಂಗಳಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳು ತೆರವಾಗಿ ಮನೆ, ಅಂಗಡಿ ಎರಡನ್ನೂ ಕಳೆದುಕೊಂಡವು. 2020ರಲ್ಲಿ ಕೊರೋನಾ ದಿಗ್ಬಂಧನದಿಂದ ದುಡಿಮೆ ನಿಂತಿತು. ಇಂತಹ ಸಂಕಟದ ದಿನಗಳಲ್ಲಿ ನಗದು ಪೆಟ್ಟಿಗೆಯ ಯಂತ್ರ ಯಾರ ಮುಖವನ್ನೂ ಗುರುತಿಸದು. ಕಿರಾಣಿಯ ಉದ್ರಿ ಪುಸ್ತಕ ಗುರುತಿಸುತ್ತದೆ. ಸಂಬಳದಾರರೆಲ್ಲ ನಗದು ವ್ಯಾಪಾರವನ್ನು ದೊಡ್ಡ ಮಳಿಗೆಗೆ ಒಯ್ದು, ಉದ್ರಿ ಗಿರಾಕಿಗಳು ಮಾತ್ರ ಕಿರಾಣಿಗೆ ಉಳಿದರೆ ಅವನು ಬೆಲೆ ಏರಿಸಬೇಕಾಗುತ್ತದೆ ಅಥವಾ ಬಾಗಿಲು ಮುಚ್ಚಬೇಕಾಗುತ್ತದೆ. ಎರಡರಲ್ಲಿಯೂ ಪೆಟ್ಟು ಬೀಳುವುದು ಬಡವನಿಗೇ. ಒಬ್ಬರ ಅಗ್ಗ ಇನ್ನೊಬ್ಬರ ದುಬಾರಿಯಾಗುವ ಈ ಬಗೆಯನ್ನು ನಾವು ಸಾಕಷ್ಟು ಗಮನಿಸಿಲ್ಲ.

ಸಂಡೂರಿನ ಪಾಠ, ಸರ್ಕಾರದ ಪಾತ್ರ

ಈ ಅನ್ಯಾಯಕ್ಕೆ ಪರಿಹಾರವಿಲ್ಲವೇ? ನಮ್ಮ ನೆಲದಲ್ಲೇ ಒಂದು ಉದಾಹರಣೆ ಇದೆ. 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಗಣಿ ಸಂಸ್ಥೆಯು ತನ್ನ ಕಾರ್ಮಿಕರಿಗೆ ಆಹಾರಧಾನ್ಯಗಳನ್ನು 1970ರ ದಶಕದ ಆರಂಭದ ದರದಲ್ಲಿಯೇ ಒದಗಿಸುವ ವ್ಯವಸ್ಥೆಯನ್ನು ದೀರ್ಘಕಾಲ ನಡೆಸಿಕೊಂಡು ಬಂದಿತು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಎಂ. ವೈ. ಘೋರ್ಪಡೆಯವರ ಮನೆತನ ಕಟ್ಟಿದ ಸಂಸ್ಥೆ ಅದು. ಬೆಲೆಯೇರಿಕೆಯ ಬಿಸಿ ಕಾರ್ಮಿಕನ ಒಲೆಗೆ ತಟ್ಟಬಾರದೆಂಬ ಈ ಕ್ರಮ ವೇತನದಷ್ಟೇ ಬೆಲೆಯುಳ್ಳದ್ದು. ಹಣದ ರೂಪದ ಕೂಲಿ ಬೆಲೆಯೇರಿಕೆಯಲ್ಲಿ ಕರಗುತ್ತದೆ. ನಿಗದಿತ ದರದ ಧಾನ್ಯ ಕರಗುವುದಿಲ್ಲ. ಆದರೆ ಗುತ್ತಿಗೆಯ ದಿನಗೂಲಿಗಳಿಗೆ, ತಾಂಡಾಗಳಿಂದ ವಲಸೆ ಹೋಗುವವರಿಗೆ ಇಂತಹ ಆಸರೆ ದೊರೆಯುವುದು ವಿರಳ.

ಅವರಿಗೆ ಉಳಿದಿರುವುದು ನ್ಯಾಯಬೆಲೆ ಅಂಗಡಿ. 2013ರಲ್ಲಿ ಆರಂಭವಾದ ‘ಅನ್ನಭಾಗ್ಯ’ ಈ ಭಾಗದ ಹಸಿವನ್ನು ತಗ್ಗಿಸಿದುದರಲ್ಲಿ ಸಂದೇಹವಿಲ್ಲ. 2023ರ ಜನವರಿಯಿಂದ ಕೇಂದ್ರದ ಪಾಲಿನ 5 ಕಿಲೋ ಧಾನ್ಯ ಉಚಿತವಾಯಿತು. ರಾಜ್ಯ ಸರ್ಕಾರವು ಹೆಚ್ಚುವರಿ 5 ಕಿಲೋ ಅಕ್ಕಿ ದೊರಕದ ಕಾರಣ 2023ರ ಜುಲೈನಿಂದ ತಲಾ 170 ರೂಪಾಯಿ ನಗದು ನೀಡಿ, 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ನಿರ್ಧರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಕಿಟ್ ನೀಡಲು ಸಚಿವ ಸಂಪುಟ ತೀರ್ಮಾನಿಸಿತು. ಈ ತೀರ್ಮಾನದ ಹಿಂದಿನ ತರ್ಕ ಸರಿಯಾದುದೇ. ಅಕ್ಕಿ ಉಚಿತವಾದರೂ ಬೇಳೆ ಎಣ್ಣೆಗಳಿಗೆ ಬಡವನು ಮಾರುಕಟ್ಟೆಯ ದುಬಾರಿ ತುದಿಯಲ್ಲೇ ನಿಲ್ಲಬೇಕಾಗಿದೆ. ನೆರೆಯ ಕೇರಳವು 1974ರಲ್ಲಿ ಸ್ಥಾಪಿಸಿದ ‘ಸಪ್ಲೈಕೋ’ ನಿಗಮದ ಮಾವೇಲಿ ಮಳಿಗೆಗಳಲ್ಲಿ ಬೇಳೆ, ಎಣ್ಣೆ, ಮೆಣಸಿನಕಾಯಿ ಮೊದಲಾದ 13 ಪದಾರ್ಥಗಳನ್ನು ರಿಯಾಯಿತಿಯಲ್ಲಿ ಒದಗಿಸುವ ವ್ಯವಸ್ಥೆ ಮಾಡಿಕೊಂಡಿದೆ. ಸರಕಿನ ಕೊರತೆ, ಬಾಕಿಯ ತೊಡಕುಗಳು ಅದನ್ನೂ ಬಾಧಿಸದೆ ಇಲ್ಲ. ಆದರೂ ಬಿಡಿಯಾಗಿ ಕೊಳ್ಳುವವನಿಗೂ ಸಗಟು ದರದ ಲಾಭ ದೊರಕಿಸುವ ಅದರ ತತ್ವ ಅನುಕರಣೀಯ. ನಮ್ಮಲ್ಲಿಯೂ ಜನತಾ ಬಜಾರುಗಳು ಇದೇ ತತ್ವದಿಂದ ಹುಟ್ಟಿದ್ದವು.

ಕೂಡಿ ಕೊಳ್ಳುವ ಮಾರ್ಗ

ಸರ್ಕಾರದ ದಾರಿಯನ್ನೇ ಕಾಯುತ್ತ ಕುಳಿತಿರಬೇಕಾಗಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಮಂದಿ ದುಡಿಯುವವರು ತಲಾ ಒಂದು ಪೌಂಡು ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್‌ಗಳ ಪುಟ್ಟ ಅಂಗಡಿ ತೆರೆದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಲಾಭದಲ್ಲಿ ಕೊಳ್ಳುವವರಿಗೇ ಪಾಲು ಎಂಬುದು ಅವರ ನಿಯಮ. ಲೋಕದ ಗ್ರಾಹಕ ಸಹಕಾರ ಚಳವಳಿಗೆ ಅದೇ ಮಾದರಿಯಾಯಿತು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿ ದೇಶಕ್ಕೆ ಮಾರ್ಗದರ್ಶಕರಾದರು. ಬಡವನಿಗೆ ಇಲ್ಲದ್ದು ಬುದ್ಧಿಯಲ್ಲ, ಒಟ್ಟಾದ ಬಂಡವಾಳ ಎಂಬುದನ್ನು ಈ ಎರಡೂ ಪ್ರಯತ್ನಗಳು ಅರಿತಿದ್ದವು.

ಇಂದು ಆ ಬಂಡವಾಳ ನಮ್ಮ ಓಣಿಗಳಲ್ಲೇ ಇದೆ. 2000ದಲ್ಲಿ ಆರಂಭವಾದ ‘ಸ್ತ್ರೀಶಕ್ತಿ’ ಯೋಜನೆಯ ಸಂಘಗಳು ವಾರವಾರವೂ ಉಳಿತಾಯ ಕೂಡಿಸುತ್ತಿವೆ. 2023ರ ಆಗಸ್ಟ್‌ನಿಂದ ‘ಗೃಹಲಕ್ಷ್ಮಿ’ಯ 2,000 ರೂಪಾಯಿ ಅರ್ಹ ಮನೆಯೊಡತಿಯರ ಖಾತೆ ಸೇರತೊಡಗಿದೆ, ಕೆಲವೊಮ್ಮೆ ತಡವಾದರೂ. ಹತ್ತು ಮನೆಗಳು ಕೂಡಿ ತಿಂಗಳಿಗೊಮ್ಮೆ ಕಂಪ್ಲಿಯ ಗಿರಣಿಯಿಂದ ಅಕ್ಕಿಯನ್ನೂ ಹೊಸಪೇಟೆಯ ಸಗಟು ಅಂಗಡಿ ಅಥವಾ ರಿಯಾಯಿತಿ ಮಳಿಗೆಯಿಂದ ಬೇಳೆಯನ್ನೂ ತರಿಸಿ ಹಂಚಿಕೊಂಡರೆ ಹೇಗೆ? ನಮ್ಮ ಹಿಂದಿನ ಉದಾಹರಣೆಯ ಪ್ರಕಾರ ಹತ್ತು ಮನೆಗಳ ಉಳಿತಾಯ 2,010 ರೂಪಾಯಿ. ತರಲು ಹೋದವಳ ಕೂಲಿ 370, ಸಾಗಾಟಕ್ಕೆ 600 ಕಳೆದರೂ 1,040 ರೂಪಾಯಿ ಉಳಿಯುತ್ತದೆ. ಒಬ್ಬಳಿಗೆ ನಷ್ಟವಾದ ಪ್ರಯಾಣ ಹತ್ತು ಮಂದಿಗೆ ಲಾಭವಾಗುತ್ತದೆ. ಮೊತ್ತ ಚಿಕ್ಕದೆನ್ನಬಹುದು; ಆದರೆ ಬೇಳೆ ತಿನ್ನಲು ಹಿಂಜರಿಯುವ ಮನೆಯಲ್ಲಿ ತಿಂಗಳಿಗೆ ಅರ್ಧ ಕಿಲೋಗೂ ಹೆಚ್ಚು ಬೇಳೆ ಅದರಲ್ಲಿ ಬರುತ್ತದೆ.

ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳೂ ಓಣಿಯ ಸ್ವಸಹಾಯ ಸಂಘಗಳೂ ಜಾತಿ ಮತಗಳ ಭೇದವಿಲ್ಲದೆ ಇಂತಹ ಕಾರ್ಯಕ್ಕೆ ಕೈಹಾಕಬಹುದು. ನಿಯಮಗಳು ಮಾತ್ರ ಬಿಗಿಯಾಗಿರಬೇಕು. ಮೊದಲು ಹಣ, ಆಮೇಲೆ ಸರಕು, ಎಲ್ಲರೆದುರಿಗೆ ತೂಕ, ರಸೀತಿಯ ಪ್ರತಿ ಎಲ್ಲರಿಗೂ, ತರುವ ಹೊಣೆ ಸರದಿಯ ಮೇಲೆ. ಲೆಕ್ಕ ತೋರಿಸದೆ ನಡೆದ ಸಂಘಗಳು ಹಾಗೂ ಉದ್ರಿ ಕೊಟ್ಟು ಕೈಸುಟ್ಟುಕೊಂಡ ಸಂಘಗಳು ಎಷ್ಟೋ ಊರುಗಳಲ್ಲಿ ಮುಚ್ಚಿಹೋಗಿವೆ. ಓಣಿಯ ಕಿರಾಣಿಯವನನ್ನೂ ಹೊರಗಿಡಬೇಕಾಗಿಲ್ಲ. ಹತ್ತು ಮನೆಗಳ ನಗದು ಖರೀದಿಯನ್ನು ಮುಂಗಡವಾಗಿ ಖಚಿತಪಡಿಸಿದರೆ ಅವನೇ ಸಗಟು ದರಕ್ಕೆ ಸಮೀಪದ ಬೆಲೆಯಲ್ಲಿ ತರಿಸಿಕೊಡಲು ಒಪ್ಪಬಹುದು. ಮನೆಬಾಗಿಲಿಗೆ ಸಾಗಾಟವೂ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ.

ರಿಯಾಯಿತಿ ಮಳಿಗೆಗಳನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಕಡಿಮೆ ಬೆಲೆಗೆ ಒಳ್ಳೆಯ ಸರಕು ಕೊಳ್ಳುವುದು ಜಾಣತನವೇ ಸರಿ. ಸಂಬಳದಾರ ಕುಟುಂಬಗಳು ಅದನ್ನು ಧಾರಾಳವಾಗಿ ಮಾಡಲಿ, ಪೊಟ್ಟಣದ ಚಿಕ್ಕ ಅಕ್ಷರಗಳನ್ನು ಓದಿ ಮಾಡಲಿ. ಆದರೆ ಕೈಯಲ್ಲಿ ನಗದು ಇದ್ದವರಿಗೆ ಮಾತ್ರ ತೆರೆದ ಬಾಗಿಲನ್ನು ಇಡೀ ಊರಿನ ಅಗ್ಗವೆಂದು ಕರೆಯಲಾಗದು. ಮುಂದಿನ ತಿಂಗಳು ನಾವು ದಿನಸಿಯ ಚೀಟಿ ಬರೆಯುವಾಗ ನಮ್ಮ ಮನೆಗೆಲಸಕ್ಕೆ ಬರುವವಳ, ನಮ್ಮ ಗದ್ದೆಯಲ್ಲಿ ದುಡಿಯುವವನ ಮನೆಗೆ ಬೇಕಾದ ಅಕ್ಕಿ ಬೇಳೆಗಳನ್ನೂ ಅದೇ ಚೀಟಿಗೆ ಸೇರಿಸಿ, ಅದೇ ದರದಲ್ಲಿ ತಂದುಕೊಟ್ಟು, ಹಣವನ್ನು ವಾರವಾರಕ್ಕೆ ಬಡ್ಡಿಯಿಲ್ಲದೆ ಪಡೆದರೆ ಖರ್ಚೇನೂ ಹೆಚ್ಚದು. ಆ ಎರಡು ಸಾಲುಗಳನ್ನು ಬರೆಯುವ ಮನಸ್ಸೊಂದಿದ್ದರೆ ಸಾಕು.